ಕತ್ತರಿ ಒಂದಲ್ಲ, ಎರಡು

ಭಾರತದ ಸಿನಿಮಾ ಚರಿತ್ರೆ ಬರೆಯುವ ಪಂಡಿತರು ನಮಗೆ ಒಂದು ಕತೆ ಹೇಳುತ್ತಾರೆ. ಬ್ರಿಟಿಷರು 1918ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಂದು ಕತ್ತರಿ ಹಿಡಿದರು. 1921ರಲ್ಲಿ 'ಭಕ್ತ ವಿದುರ' ಚಿತ್ರದ ವಿದುರ ಗಾಂಧಿ ಟೋಪಿ ಹಾಕಿಕೊಂಡು ಬಂದನೆಂದು ಮದರಾಸಿನಲ್ಲಿ, ಕರಾಚಿಯಲ್ಲಿ ಅದನ್ನು ನಿಷೇಧಿಸಿದರು. ಸ್ವಾತಂತ್ರ್ಯ ಬಂತು, ಕತ್ತರಿ ಹೋಗಲಿಲ್ಲ. 1952ರ ಹೊಸ ಕಾಯ್ದೆ ಅದೇ ಕತ್ತರಿಗೆ ಸಾಣೆ ಹಿಡಿಯಿತು. ತುರ್ತುಪರಿಸ್ಥಿತಿ ಬಂತು. ಸರ್ಕಾರ ವಶಪಡಿಸಿಕೊಂಡ 'ಕಿಸ್ಸಾ ಕುರ್ಸೀ ಕಾ' ಚಿತ್ರ ನೆಗೆಟಿವ್ ಸಮೇತ ಬೂದಿಯಾಯಿತು. 1977ರಲ್ಲಿ ಸರ್ಕಾರ ಬದಲಾಯಿತು. ಆ ಚಿತ್ರವನ್ನು ಮತ್ತೆ ತೆಗೆದು ತೆರೆಗೆ ತಂದರು.

ಈ ಕತೆ ನಿಜ. 'ಸಂಸ್ಕಾರ'ದಲ್ಲಿ ಚಂದ್ರಿಯಾದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬೆಂಗಳೂರು ಜೈಲಿಗೆ ತಳ್ಳಿದರು. ಆಸ್ತಮಾದಿಂದ ನರಳಿದ ಆ ತಾಯಿ 1977ರ ಜನವರಿಯಲ್ಲಿ ಹೊರಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಸರ್ಕಾರದ ಕತ್ತರಿ ಸುಳ್ಳು ಅಂತ ನಾವು ಹೇಳೋದಿಲ್ಲ. ಆದರೆ ಇದು ಅರ್ಧ ಕತೆ. ಉಳಿದರ್ಧ ಪಂಡಿತರ ಪುಸ್ತಕದಲ್ಲಿ ಅಡಿಟಿಪ್ಪಣಿಯಾಗಿ ಬಿದ್ದಿದೆ.

ಆ ಅಡಿಟಿಪ್ಪಣಿಯ ಹೆಸರು ಪಿ.ಕೆ. ರೋಸಿ. 1930ರ ಆಸುಪಾಸಿನಲ್ಲಿ ಜೆ.ಸಿ. ಡೇನಿಯಲ್ ಮಲಯಾಳದ ಮೊದಲ ಕಥಾಚಿತ್ರ 'ವಿಗತಕುಮಾರನ್' ತೆಗೆದರು. ಹುಲ್ಲು ಕೊಯ್ಯುವ ಮನೆಯ ಈ ದಲಿತ ಹೆಣ್ಣುಮಗಳು ಅದರಲ್ಲಿ ನಾಯರ್ ಹೆಣ್ಣಾಗಿ ಕಾಣಿಸಿಕೊಂಡರು. ಅಷ್ಟೇ ತಪ್ಪು. ತಿರುವನಂತಪುರದಲ್ಲಿ ಮೇಲ್ಜಾತಿಯವರು ಪರದೆಗೆ ಕಲ್ಲು ತೂರಿದರು. ರೋಸಿಯ ಗುಡಿಸಲಿಗೆ ಬೆಂಕಿ ಬಿತ್ತು. ಆಕೆ ಊರು ಬಿಟ್ಟು ಓಡಿದರು. ಮತ್ತೆಂದೂ ನಟಿಸಲಿಲ್ಲ. ಅಲ್ರೀ, ಯಾವ ಕಾಯ್ದೆಯ ಎಷ್ಟನೇ ಕಲಮಿನಲ್ಲಿ ಈ ಕತ್ತರಿ ಆಡಿತು? ಇದಕ್ಕೆ ಸರ್ಕಾರ ಬೇಕಾಗಲಿಲ್ಲ. ಜಾತಿ ಸಾಕಾಯಿತು.

ಕೆಲವೇ ವರ್ಷ ಕಳೆದು 1936ರಲ್ಲಿ 'ಅಛೂತ್ ಕನ್ಯಾ' ಬಂತು. ಮೇಲ್ಜಾತಿಯ ದೇವಿಕಾ ರಾಣಿ ಅಸ್ಪೃಶ್ಯ ಹುಡುಗಿ ಕಸ್ತೂರಿಯಾದರು. ದೇಶವೇ ಕಣ್ಣೀರಿಟ್ಟಿತು. ರೋಸಿ ಮೇಲ್ಜಾತಿಯವಳಾದರೆ ಕಲ್ಲು, ಮೇಲ್ಜಾತಿಯವಳು ಅಸ್ಪೃಶ್ಯೆಯಾದರೆ ಹೂವು! ಕೊನೆಗೆ ಆ ಕಸ್ತೂರಿಯೂ ರೈಲಿಗೆ ಸಿಕ್ಕಿ ಸಾಯುತ್ತಾಳೆ.

ಈಗ ಮತ್ತೆ ತುರ್ತುಪರಿಸ್ಥಿತಿಗೆ ಬನ್ನಿ. ಕುರ್ಚಿಯ ಕತೆ ಬೂದಿಯಾದ ಆ ಕಾಲದಲ್ಲೇ 1975ನೇ ಸಾಲಿನ ಸ್ವರ್ಣಕಮಲ ನಮ್ಮ ಕನ್ನಡದ 'ಚೋಮನ ದುಡಿ'ಗೆ ಬಂತು. ಬರೆದವರು ಶಿವರಾಮ ಕಾರಂತರು, ತೆಗೆದವರು ಬಿ.ವಿ. ಕಾರಂತರು. ಚಿತ್ರ ಕೆಟ್ಟದ್ದು ಅಂತಲ್ಲ; ನಮ್ಮ ಅಪ್ಪ ಅವ್ವಂದಿರೂ ನೆಲದ ಟಿಕೆಟ್ ತಗೊಂಡು ನೋಡಿ ಅತ್ತಿದ್ದಾರೆ. ಆದರೆ ಕೇಳಬೇಕಾದ ಪ್ರಶ್ನೆ ಇದು: ಕುರ್ಚಿಯ ಕತೆಗೆ ಬೆಂಕಿ, ಚೋಮನ ಕತೆಗೆ ಚಿನ್ನ, ಯಾಕೆ? ಯಾಕಂದ್ರೆ ಚೋಮ ಕೇಳಿದ್ದು ಉಳೋಕೆ ತುಂಡು ಭೂಮಿ. ಭೂಮಿ ಸಿಗಲಿಲ್ಲ. ದುಡಿ ಬಡಿಯುತ್ತಾ ಸತ್ತ. ಸಾಯುವ ದಲಿತನನ್ನು ಕಂಡರೆ ಎಲ್ಲ ಸರ್ಕಾರಕ್ಕೂ ಪ್ರೀತಿ. ಅಳಬಹುದು, ಪದಕ ಕೊಡಬಹುದು. ಭೂಮಿ ಕೊಡಬೇಕಾಗಿಲ್ಲವಲ್ಲ!

ತೆರೆಯ ಮೇಲೆ ಸಾಯೋದನ್ನು ನಮ್ಮವರು ನಿಲ್ಲಿಸಿದ ದಿನ ಚರಿತ್ರೆ ತಿರುಗಿತು. ಕಲ್ಲು ಒಡೆಯುವ ವಡಾರ್ ಸಮುದಾಯದಿಂದ ಬಂದ ನಾಗರಾಜ ಮಂಜುಳೆ 2013ರಲ್ಲಿ ಮರಾಠಿಯಲ್ಲಿ 'ಫಂಡ್ರಿ' ತೆಗೆದರು. ಹಂದಿ ಹಿಡಿಯುವ ಮನೆಯ ಹುಡುಗ ಜಬ್ಯಾ. ಶಾಲೆಯಲ್ಲಿ ರಾಷ್ಟ್ರಗೀತೆ ಕೇಳಿಸಿದಾಗ ಇಡೀ ಮನೆಯವರು ನೆಟ್ಟಗೆ ನಿಲ್ಲುತ್ತಾರೆ. ಹಂದಿ ಮಾತ್ರ ತಪ್ಪಿಸಿಕೊಂಡು ಓಡುತ್ತದೆ. ಕೊನೆಗೆ ಹುಡುಗ ಕಲ್ಲು ಎತ್ತಿ ಬೀಸುತ್ತಾನೆ. ಅದು ನೇರ ನೋಡುವವರ ಮುಖಕ್ಕೇ ಬರುತ್ತದೆ. ರೋಸಿಯ ಕಾಲದಲ್ಲಿ ಪರದೆಗೆ ಬಿದ್ದ ಕಲ್ಲು ಈಗ ಪರದೆಯಿಂದ ವಾಪಸು ಬಂತು. ಅದಕ್ಕೂ ಪ್ರಶಸ್ತಿ ಕೊಟ್ಟರು. ಕಲ್ಲನ್ನು ಮಾತ್ರ ಶಾಲಿನಲ್ಲಿ ಸುತ್ತಿಡೋಕೆ ಆಗಲಿಲ್ಲ.

ಆಮೇಲೆ ನೋಡಿ ಆಟ. ಸೆನ್ಸಾರ್ ತೀರ್ಪಿನ ವಿರುದ್ಧ ಮೇಲ್ಮನವಿ ಕೇಳುತ್ತಿದ್ದ ನ್ಯಾಯಮಂಡಳಿಯನ್ನೇ 2021ರಲ್ಲಿ ತೆಗೆದುಹಾಕಿದರು. ದಲಿತ ಹುಡುಗಿಯ ಕೊಲೆಯನ್ನೂ ಪೊಲೀಸರ ನಡತೆಯನ್ನೂ ತೋರಿಸಿದ 'ಸಂತೋಷ್' ಚಿತ್ರವನ್ನು 2025ರಲ್ಲಿ ಇಲ್ಲಿನ ಥಿಯೇಟರಿಗೆ ಬಿಡಲಿಲ್ಲ. ಅದೇ ವರ್ಷ 'ಫುಲೆ' ಚಿತ್ರದಿಂದ ಮಹಾರ್, ಮಾಂಗ್, ಪೇಶ್ವಾಯಿ ಎಂಬ ಮಾತು ತೆಗೆಯಿರಿ ಎಂದಿತು ಸೆನ್ಸಾರ್ ಮಂಡಳಿ. ಬ್ರಾಹ್ಮಣ ಸಂಘಟನೆಗಳು ಗದ್ದಲ ಎಬ್ಬಿಸಿದವು. ಏಪ್ರಿಲ್ 11ಕ್ಕೆ, ಜ್ಯೋತಿಬಾ ಹುಟ್ಟಿದ ದಿನ, ಬರಬೇಕಿದ್ದ ಚಿತ್ರ 25ಕ್ಕೆ ಹೋಯಿತು. ನಮ್ಮ ಜಾತಿಯ ಹೆಸರು ಹಿಡಿದು ಬೀದಿಯಲ್ಲಿ ಬೈಯಬಹುದಂತೆ, ತೆರೆಯ ಮೇಲೆ ಅದನ್ನು ಹೇಳಿ ನ್ಯಾಯ ಕೇಳಬಾರದಂತೆ! ಕಾಯ್ದೆಯ ಕತ್ತರಿ, ಜಾತಿಯ ಕತ್ತರಿ ಬೇರೆ ಬೇರೆ ಕೈಯಲ್ಲಿದ್ದವು. ಈಗ ಎರಡೂ ಒಂದೇ ಕೈಗೆ ಬಂದಿವೆ.

ಅಭಿವ್ಯಕ್ತಿ ಸ್ವಾತಂತ್ರ್ಯ ಅಂತ ಸಭೆ ಮಾಡುವ ಗೆಳೆಯರೇ, ಕರೆಯಿರಿ, ನಾವೂ ಬರುತ್ತೇವೆ. ಆದರೆ ಕುರ್ಸೀ ಕಾ ಬೂದಿಯ ಪಕ್ಕದಲ್ಲಿ ರೋಸಿಯ ಗುಡಿಸಲ ಬೂದಿಯನ್ನೂ ಇಡಿ. ಒಂದು ಕತ್ತರಿ ಲೆಕ್ಕಕ್ಕಿಟ್ಟು ಇನ್ನೊಂದನ್ನು ಮರೆತರೆ ಅದು ನಿಮ್ಮ ಸ್ವಾತಂತ್ರ್ಯ, ನಮ್ಮದಲ್ಲ.

ನಮ್ಮ ಕೇರಿಯ ಹುಡುಗ ಹುಡುಗಿಯರೇ, ನಾವೂ ಇಷ್ಟು ದಿನ ಯಾರ್ಯಾರೋ ಹೀರೋಗಳಿಗೆ ಶಿಳ್ಳೆ ಹೊಡೆದವರೇ. ಸಾಕು. ನಮಗೆ ಅವರ ಕಣ್ಣೀರು ಬೇಡ, ಕ್ಯಾಮೆರಾ ಬೇಕು.