ಚಳಿಗಾಲದ ಓದಿಗೆ ಯಾವ ಪುಸ್ತಕ?

ಕಾರ್ತಿಕ ಕಳೆಯುತ್ತಿದ್ದಂತೆ ರಟ್ಟೀಹಳ್ಳಿಯ ಕಡೆ ಕುಮುದ್ವತಿಯ ದಂಡೆಗೆ ಬೆಳಗಿನ ಮಂಜು ಇಳಿಯತೊಡಗುತ್ತದೆ. ಕಣದಲ್ಲಿ ಗೋವಿನಜೋಳದ ರಾಶಿ, ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ. ಹಗಲೆಲ್ಲ ಯಾರಿಗೂ ಬಿಡುವಿಲ್ಲ. ಆದರೆ ಡಿಸೆಂಬರಿನಲ್ಲಿ ಸಂಜೆ ಆರು ಗಂಟೆ ದಾಟುತ್ತಲೇ ಹೊತ್ತು ಮುಳುಗುತ್ತದೆ. ಜಪಸರ ಮುಗಿದು, ಊಟವಾದ ಮೇಲೂ ಮಲಗುವುದಕ್ಕೆ ಒಂದು ಗಂಟೆಯಷ್ಟು ಸಮಯ ಉಳಿದಿರುತ್ತದೆ. ಆ ಒಂದು ಗಂಟೆ ಈಗ ಎಲ್ಲಿ ಹೋಗುತ್ತಿದೆ ಎಂಬುದನ್ನು ಪ್ರಿಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಒಂದೇ ಮನೆಯ ನಾಲ್ವರು ನಾಲ್ಕು ಮೂಲೆಗಳಲ್ಲಿ ನಾಲ್ಕು ಮೊಬೈಲುಗಳ ಬೆಳಕಿಗೆ ಮುಖವೊಡ್ಡಿ ಕುಳಿತಿರುವುದನ್ನು ಮನೆಭೇಟಿಯ ವೇಳೆ ನಾವು ಕಂಡಿದ್ದೇವೆ. ನಮ್ಮ ಕೈಯಲ್ಲಿಯೂ ಅಂಥದೊಂದು ಇದೆ ಎಂಬುದನ್ನು ಒಪ್ಪಿಕೊಂಡೇ ಈ ಮಾತನ್ನು ಬರೆಯುತ್ತಿದ್ದೇವೆ.

ಆಗಮನ ಕಾಲದ ಮೊದಲ ಭಾನುವಾರದಿಂದ ವಿಭೂತಿ ಬುಧವಾರದವರೆಗೆ ಸಾಮಾನ್ಯವಾಗಿ ಹತ್ತು ವಾರಗಳಾದರೂ ಇರುತ್ತವೆ. ದಿನಕ್ಕೆ ಇಪ್ಪತ್ತೇ ಪುಟವೆಂದು ಹಿಡಿದರೂ ಎಪ್ಪತ್ತು ದಿನಗಳಲ್ಲಿ 1,400 ಪುಟ; ಅಂದರೆ ಸಾಧಾರಣ ಗಾತ್ರದ ಐದಾರು ಕಾದಂಬರಿಗಳು. ಹಣ ಕೊಟ್ಟು ಕೊಳ್ಳಬೇಕೆಂದಿಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು 1965ರಲ್ಲಿ ರೂಪುಗೊಂಡು 1966ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಾವು ಕಟ್ಟುವ ಮನೆ ತೆರಿಗೆಯ ಜೊತೆಯಲ್ಲಿ ಶೇಕಡಾ 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. ರಸೀದಿಯನ್ನು ತೆಗೆದು ನೋಡಬಹುದು. ಗ್ರಾಮ ಪಂಚಾಯತಿ ಮಟ್ಟದ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದು ಈಗ ಅರಿವು ಕೇಂದ್ರಗಳೆನಿಸಿವೆ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವವೂ ದೊರೆತಿದೆ. ರಟ್ಟೀಹಳ್ಳಿಯು 2018ರಲ್ಲಿ ತಾಲೂಕು ಕೇಂದ್ರವಾದಾಗ ಕಚೇರಿಗಳಿಗಾಗಿ ನಾವೆಲ್ಲ ಒತ್ತಾಯಿಸಿದೆವು. ಪುಸ್ತಕಗಳಿಗಾಗಿ ಒತ್ತಾಯಿಸಿದವರು ಎಷ್ಟು ಮಂದಿಯೋ!

ನಮ್ಮ ಸೀಮೆಯ ಗ್ರಂಥಾಲಯಗಳಲ್ಲಿ ನಾವು ಸಾಮಾನ್ಯವಾಗಿ ಕಾಣುವುದು ಇಬ್ಬರನ್ನು: ದಿನಪತ್ರಿಕೆ ಓದುವ ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ನಡೆಸುವ ತರುಣರು. ಅವರ ಬಗ್ಗೆ ನಮ್ಮ ಆಕ್ಷೇಪವೇನೂ ಇಲ್ಲ. ಆದರೆ ನಮ್ಮ ಮನೆಗಳ ತಾಯಂದಿರು, ಅಜ್ಜಿಯರು, ಹೆಣ್ಣುಮಕ್ಕಳು ಅಲ್ಲಿ ಏಕೆ ಕಾಣಿಸುವುದಿಲ್ಲ? ಈ ಪ್ರಶ್ನೆಯನ್ನು ಊರಿಗೆ ಕೇಳುವ ಮುನ್ನ ನಮಗೆ ನಾವೇ ಕೇಳಿಕೊಳ್ಳಬೇಕಾದ ಒಂದು ಸಂಗತಿ ನಡೆಯಿತು.

ಕಳೆದ ಚಳಿಗಾಲದಲ್ಲಿ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಬಲಿಪೂಜೆಯ ನಂತರ ನಮ್ಮ ಬಳಿಗೆ ಬಂದರು. ಪಿ.ಯು.ಸಿ. ಓದುತ್ತಿದ್ದ ಮಗಳು ಗ್ರಂಥಾಲಯದಿಂದ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ತಂದಿದ್ದಳು. ತಾಯಿ ಅಲ್ಲಲ್ಲಿ ತಿರುವಿ ನೋಡಿದ್ದರು. ಕಾಫಿ ತೋಟದ ರೈಟರ್ ಮನ್ವೇಲನು ಚೋಮನ ಮಗಳು ಬೆಳ್ಳಿಯನ್ನು ಕೆಡಿಸುವ ಭಾಗ ಕಣ್ಣಿಗೆ ಬಿದ್ದಿತ್ತು. “ಫಾದರ್, ನಮ್ಮವರನ್ನ ಹಿಂಗ ಬರದಾರ. ಇದನ್ನ ಹುಡುಗಿ ಓದಬೇಕೇನ್ರೀ?” ಎಂದರು. ನಾವು ಆ ಕಾದಂಬರಿಯನ್ನು ಕಾಲೇಜು ದಿನಗಳ ಬಳಿಕ ಕೈಗೆತ್ತಿಕೊಂಡಿರಲಿಲ್ಲ. ಆದರೂ ಬಲ್ಲವರಂತೆ ಗಂಭೀರವಾಗಿ, “ಸದ್ಯಕ್ಕೆ ಬೇಡಮ್ಮ, ಸಂತರ ಚರಿತ್ರೆ ಯಾವುದಾದರೂ ಕೊಡಿ” ಎಂದುಬಿಟ್ಟೆವು. ಹುಡುಗಿ ಮರುದಿನವೇ ಪುಸ್ತಕವನ್ನು ಹಿಂದಿರುಗಿಸಿದಳು. ಸಂತರ ಚರಿತ್ರೆಯನ್ನು ಓದಲಿಲ್ಲ. ಆ ಮೇಲೆ ಗ್ರಂಥಾಲಯಕ್ಕೂ ಹೋಗಲಿಲ್ಲ. ಇದು ನಮಗೆ ತಿಳಿದದ್ದು ತಿಂಗಳುಗಳ ನಂತರ.

ತಿಳಿದ ದಿನ ನಾವೇ ಹೋಗಿ ಆ ಪುಸ್ತಕವನ್ನು ತಂದು ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದೆವು. 1933ರಲ್ಲಿ ಪ್ರಕಟವಾದ ಚಿಕ್ಕ ಕಾದಂಬರಿ ಅದು. ತುಂಡು ಭೂಮಿಯನ್ನು ತಾನೇ ಉಳಬೇಕೆಂಬುದು ಚೋಮನ ಜೀವನದ ಒಂದೇ ಆಸೆ. ಅಸ್ಪೃಶ್ಯನಾಗಿ ಹುಟ್ಟಿದವನಿಗೆ ಅದು ದಕ್ಕುವುದಿಲ್ಲ. ಮಗನೊಬ್ಬ ತೋಟದ ಜ್ವರಕ್ಕೆ ಬಲಿಯಾಗುತ್ತಾನೆ. ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಅವಳ ಮತವನ್ನು ಸೇರುತ್ತಾನೆ. ಮತ್ತೊಬ್ಬ ನೀರಿನಲ್ಲಿ ಮುಳುಗುವಾಗ ಮುಟ್ಟಿ ಎತ್ತುವವರಿಲ್ಲದೆ ಸಾಯುತ್ತಾನೆ. ಮತಾಂತರವಾದರೆ ಭೂಮಿ ಸಿಕ್ಕೀತೆಂದು ಚೋಮನೇ ಒಂದು ದಿನ ಪಾದ್ರಿಯ ಕಡೆಗೆ ಹೊರಡುತ್ತಾನೆ. ತನ್ನ ದೈವವನ್ನು ತೊರೆಯಲಾರದೆ ನಡುದಾರಿಯಿಂದ ಹಿಂದಿರುಗುತ್ತಾನೆ. ಆ ಪಾದ್ರಿ ನಮ್ಮ ಸಭೆಯವರೋ ಬೇರೆಯವರೋ ಎಂಬ ಲೆಕ್ಕಾಚಾರ ಇಲ್ಲಿ ಬೇಡ. ಆ ಬಡವನನ್ನು ಕ್ರೈಸ್ತರ ಬಾಗಿಲ ಕಡೆಗೆ ನಡೆಸಿದ್ದು ಏನು, ಹಿಂದಕ್ಕೆ ತಿರುಗಿಸಿದ್ದು ಏನು ಎಂಬುದು ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಚರ್ಚೆಯಾಗಬೇಕಾದ ಪ್ರಶ್ನೆ. ಕಾರಂತರು ನಮ್ಮನ್ನು ಹಳಿಯಲೆಂದು ಬರೆದವರಲ್ಲ. ಒಡೆಯರು, ಸಾಲ ಕೊಟ್ಟವರು, ತೋಟದವರು, ಪಾದ್ರಿಗಳು ಎಲ್ಲರನ್ನೂ ಚೋಮನ ಗುಡಿಸಲಿನ ಬಾಗಿಲಲ್ಲಿ ನಿಂತು ನೋಡಿದ್ದಾರೆ. ಅಲ್ಲಿಂದ ನಾವು ಹೀಗೆ ಕಾಣುತ್ತೇವೆ ಎಂದು ಹದಿನೇಳರ ಹುಡುಗಿಗೆ ತಿಳಿದರೆ ಅವಳ ವಿಶ್ವಾಸ ಕುಂದೀತೆಂದು ನಾವು ಹೆದರಿದ್ದೆವು. ಹೆದರಿಕೆ ನಮ್ಮದಾಗಿತ್ತು, ಪುಸ್ತಕವನ್ನು ಕಳೆದುಕೊಂಡವಳು ಅವಳು.

ಈ ಹೆದರಿಕೆಗೆ ಧರ್ಮಸಭೆಯಲ್ಲಿ ಹಳೆಯ ಚರಿತ್ರೆಯಿದೆ. ನಿಷಿದ್ಧ ಗ್ರಂಥಗಳ ಮೊದಲ ರೋಮನ್ ಪಟ್ಟಿ ಹೊರಬಂದದ್ದು 1559ರಲ್ಲಿ. ಗುರುಮಠದಲ್ಲಿ ತತ್ವಶಾಸ್ತ್ರ ಕಲಿಯುವಾಗ ನಾವು ಮೇಜಿನ ಮೇಲಿಟ್ಟುಕೊಂಡು ಓದಿದ ಡೆಕಾರ್ಟ್ 1663ರಲ್ಲಿ, ಕಾಂಟ್ 1827ರಲ್ಲಿ ಆ ಪಟ್ಟಿಗೆ ಸೇರಿದವರು. ವಿಕ್ಟರ್ ಹ್ಯೂಗೋನ ‘ಲೆ ಮಿಸರಾಬ್ಲ್’ 1864ರಿಂದ 1959ರವರೆಗೆ ಅದರಲ್ಲಿತ್ತು. ಆ ಕಾದಂಬರಿ ಆರಂಭವಾಗುವುದೇ ಒಬ್ಬ ಕರುಣಾಳು ಬಿಷಪರಿಂದ. ಕಥೋಲಿಕ ಬಿಷಪರೊಬ್ಬರ ಅಂಥ ಚಿತ್ರವನ್ನು ನಮ್ಮವರೇ ಬರೆದದ್ದು ಅಪರೂಪ. ದ್ವಿತೀಯ ವ್ಯಾಟಿಕನ್ ಮಹಾಸಭೆ ಮುಗಿದ ಮರುವರ್ಷ, 1966ರ ಜೂನ್ 14ರಂದು, ಆ ಪಟ್ಟಿಯ ಕಾನೂನುಬಲವನ್ನು ರದ್ದುಪಡಿಸಲಾಯಿತು. ನಮ್ಮ ರಾಜ್ಯದ ಗ್ರಂಥಾಲಯ ಕಾಯಿದೆ ಜಾರಿಗೆ ಬಂದು ಆಗ ಮೂರು ತಿಂಗಳೂ ಕಳೆದಿರಲಿಲ್ಲ. ರೋಮಿನಲ್ಲಿ ಮುಚ್ಚಿದ ಪಟ್ಟಿಯನ್ನು ನಾವು ಅರವತ್ತು ವರ್ಷಗಳ ಮೇಲೆ ಹಳ್ಳಿಯೊಂದರ ಚರ್ಚಿನ ಮೆಟ್ಟಿಲ ಮೇಲೆ ನಿಂತು ತೆರೆದಿದ್ದೆವು.

ಹಾಗಾದರೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಬಹುದೇ ಎಂದು ಕೇಳುವವರಿದ್ದಾರೆ. ಆಯ್ಕೆ ಬೇಕು, ಆದರೆ ಆಯ್ಕೆಯ ಅಳತೆಗೋಲು ಯಾವುದು? ಸಂತ ಇಗ್ನೇಷಿಯಸ್ ಲೊಯೋಲಾ ಅವರ ಪ್ರಸಂಗ ನಮಗೆ ಇಲ್ಲಿ ನೆರವಾಗುತ್ತದೆ. 1521ರಲ್ಲಿ ಪಂಪ್ಲೋನಾದ ಕಾಳಗದಲ್ಲಿ ಕಾಲು ಮುರಿದು ಮನೆಯಲ್ಲಿ ಮಲಗಿದ್ದ ಅವರು ಓದಲು ಬೇಡಿದ್ದು ವೀರಯೋಧರ ರಮ್ಯ ಕಥೆಗಳನ್ನು. ಆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ವಾರಗಟ್ಟಲೆ ಮಲಗಿದ್ದವರ ಮನಸ್ಸು ಒಮ್ಮೆ ರಾಜಸಭೆಯ ಸಾಹಸಗಳ ಕನಸು ಕಂಡರೆ ಇನ್ನೊಮ್ಮೆ ಸಂತರ ದಾರಿಯನ್ನು ಕುರಿತು ಯೋಚಿಸುತ್ತಿತ್ತು. ಎರಡೂ ಆ ಹೊತ್ತಿಗೆ ಸಿಹಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು, ಎರಡನೆಯದರ ನಂತರ ಸಮಾಧಾನ ಉಳಿಯುತ್ತಿತ್ತು. ಪುಸ್ತಕ ಮುಚ್ಚಿದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಅವರು ಗಮನಿಸಿದರು. ಈ ಪರೀಕ್ಷೆಯನ್ನು ನಾವೂ ಪ್ರಾಮಾಣಿಕವಾಗಿ ಮಾಡಿಕೊಂಡೆವು. ಒಪ್ಪಿಕೊಳ್ಳಬೇಕು, ನಾವು ಓದಿದ ಕೆಲವು ಸಂತರ ಚರಿತ್ರೆಗಳು ಒಣಹುಲ್ಲು ಜಗಿದಂತಿದ್ದವು. ಚೋಮನ ದುಡಿಯ ಸದ್ದಾದರೋ ಇನ್ನೂ ಕಿವಿಯಲ್ಲಿದೆ.

2025ರಲ್ಲಿ ಪ್ರಭುವಿನ ಸನ್ನಿಧಿಯನ್ನು ಸೇರಿದ ಜಗದ್ಗುರು ಫ್ರಾನ್ಸಿಸ್ ಅವರು ಅದಕ್ಕೆ ಹಿಂದಿನ ವರ್ಷ ಸಾಹಿತ್ಯದ ಓದನ್ನು ಕುರಿತೇ ಒಂದು ಪತ್ರವನ್ನು ಹೊರಡಿಸಿದ್ದರು. 1964-65ರಲ್ಲಿ ಅರ್ಜೆಂಟೀನಾದ ಸಾಂತಾ ಫೆಯ ಶಾಲೆಯಲ್ಲಿ ಸಾಹಿತ್ಯ ಕಲಿಸುತ್ತಿದ್ದಾಗ, ಪಠ್ಯದ ಪ್ರಾಚೀನ ಕಾವ್ಯವನ್ನು ಬಿಟ್ಟು ಲೋರ್ಕಾನನ್ನು ಓದಬೇಕೆಂದು ಹುಡುಗರು ಹಟ ಹಿಡಿದ ಸಂಗತಿಯನ್ನು ಅದರಲ್ಲಿ ನೆನೆದಿದ್ದಾರೆ. ಪ್ರಾಚೀನ ಕಾವ್ಯವನ್ನು ಮನೆಯಲ್ಲಿ ಓದಿರೆಂದು ಹೇಳಿ, ತರಗತಿಯಲ್ಲಿ ಹುಡುಗರಿಗೆ ಬೇಕಾದವರನ್ನೇ ಅವರು ಕಲಿಸಿದರಂತೆ. ಓದುಗನ ಒಲವಿನಿಂದ ಆರಂಭಿಸಿದವನು ಹಳೆಯ ಕಾವ್ಯಕ್ಕೂ ತಲುಪಬಹುದು. ಅಪ್ಪಣೆಯಿಂದ ಆರಂಭಿಸಿದ ನಾವು ಎಲ್ಲಿಗೆ ತಲುಪಿದೆವೆಂಬುದನ್ನು ಮೇಲೆ ಹೇಳಿದ್ದೇವೆ.

ಆದ್ದರಿಂದ ಈ ಚಳಿಗಾಲಕ್ಕೆ ಇಡೀ ಮನೆಗೆ ಒಂದು ಪುಸ್ತಕವೆಂದು ಅಪ್ಪ ತರುವುದು ಬೇಡ. ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿ ಸದಸ್ಯರಾಗಿ ತಮ್ಮದನ್ನು ತಾವೇ ಆರಿಸಲಿ. ಕಪಾಟಿನ ಮುಂದೆ ನಿಂತು ಮೊದಲ ಪುಟವನ್ನೂ ನಡುವಿನ ಒಂದು ಪುಟವನ್ನೂ ಓದಿ ನೋಡಿದರೆ ಸಾಕು, ಪುಸ್ತಕ ನಮ್ಮನ್ನು ಕರೆಯುತ್ತದೋ ಇಲ್ಲವೋ ತಿಳಿಯುತ್ತದೆ. ಹಿರಿಯರು ಅಕ್ಷರದ ಗಾತ್ರವನ್ನು ನೋಡಿಕೊಳ್ಳಲಿ.

ಪುಸ್ತಕವೆಂದರೆ ಓಡುವ ಹುಡುಗನಿದ್ದರೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಸಿಗುತ್ತದೋ ನೋಡಿ. ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕುವ ಆ ವಿಜ್ಞಾನಿಯ ಹೆಸರು ನಮ್ಮ ಮನೆಗಳ ಹೆಸರೇ. ಸಾಗರದ ನಾ. ಡಿಸೋಜರು 2025ರ ಜನವರಿಯಲ್ಲಿ ನಮ್ಮನ್ನು ಅಗಲಿದರು. ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು 2014ರಲ್ಲಿ ಮಡಿಕೇರಿಯಲ್ಲಿ ಅಲಂಕರಿಸಿದ ಈ ಹಿರಿಯರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ನಮ್ಮ ಎಷ್ಟು ಮನೆಗಳಲ್ಲಿದೆ? ಶರಾವತಿಯ ಮುಳುಗಡೆಯಲ್ಲಿ ನೆಲ ಕಳೆದುಕೊಂಡವರನ್ನು ಕುರಿತ ‘ದ್ವೀಪ’ವನ್ನೂ ಓದಬಹುದು. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ‘ಸಮರಸವೇ ಜೀವನ’ ಬಹು ದೊಡ್ಡ ಕಾದಂಬರಿ. ಸಹನೆಯುಳ್ಳವರಿಗೆ ಇಡೀ ಚಳಿಗಾಲಕ್ಕೆ ಅದೊಂದೇ ಸಾಕು. ಅಜ್ಜನಿಗೆ ಗಳಗನಾಥರು ಹಿಡಿಸಿಯಾರು. ಹಾವೇರಿ ಬಳಿಯ ಗಳಗನಾಥದ ಈ ಮಹನೀಯರು (1869-1942) ಮಾಸ್ತರಿಕೆಯನ್ನು ಬಿಟ್ಟು ತಾವೇ ಬರೆದ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು. ಮನೆಬಾಗಿಲಿಗೆ ಪುಸ್ತಕ ಬಂದ ಸೀಮೆಯಿದು. ಈಗ ನಾವು ಗ್ರಂಥಾಲಯದ ಬಾಗಿಲವರೆಗಾದರೂ ಹೋಗಬೇಕಷ್ಟೆ. ಓದಲು ಬಾರದ ಅಜ್ಜಿಯಿದ್ದರೆ ಮೊಮ್ಮಕ್ಕಳು ದಿನಕ್ಕೊಂದು ಮಾಸ್ತಿಯವರ ಕಥೆಯನ್ನು ಗಟ್ಟಿಯಾಗಿ ಓದಲಿ. ಬೇಕಾದ ಪುಸ್ತಕ ಇಲ್ಲವೆಂದರೆ ಸುಮ್ಮನೆ ಮರಳಬೇಡಿ, ತರಿಸಿಕೊಡಿರೆಂದು ಮೇಲ್ವಿಚಾರಕರಿಗೆ ಬರೆದುಕೊಡಿ. ಕರ ಕಟ್ಟುವವರು ನಾವು.

ಮೊನ್ನೆ ಆ ತಾಯಿಯ ಮನೆಗೆ ಹೋಗಿ, ಅಂದು ನಾವು ಹೇಳಿದ್ದು ತಪ್ಪಾಯಿತೆಂದು ತಿಳಿಸಿದೆವು. ಈಗ ಪದವಿ ತರಗತಿಯಲ್ಲಿರುವ ಮಗಳು ತಲೆಯೆತ್ತಿ ನೋಡಿದಳು, ಏನೂ ಮಾತನಾಡಲಿಲ್ಲ. ತಾಯಿ ತುಸು ಯೋಚಿಸಿ, “ಹಂಗಾದ್ರ ಮೊದಲ ನಾನ ಓದತೇನ್ರಿ ಫಾದರ್” ಎಂದರು. ಪುಸ್ತಕ ಈಗ ಅವರ ಮನೆಯಲ್ಲಿದೆ. ಹಿಂದಿರುಗಿಸುವ ದಿನ ಬರುವ ಶನಿವಾರ. ಅಷ್ಟರಲ್ಲಿ ಮಗಳ ಸರದಿ ಬಾರದಿದ್ದರೆ ಇನ್ನೊಮ್ಮೆ ಬರೆಸಿಕೊಳ್ಳಬೇಕಾದೀತು.