ಪೂರ್ವಸೂರಿಗಳ ಋಣ

ನಮ್ಮ ಹಳೆಯ ಕವಿಗಳಲ್ಲಿ ಒಂದು ಸತ್ಸಂಪ್ರದಾಯವಿತ್ತು. ಕಾವ್ಯಕ್ಕೆ ತೊಡಗುವ ಮುನ್ನ ಇಷ್ಟದೇವತೆಯನ್ನು ಸ್ತುತಿಸಿ, ಗುರುಗಳಿಗೆ ವಂದಿಸಿ, ಅನಂತರ ತಮಗಿಂತ ಮುಂಚೆ ಆ ಹಾದಿಯಲ್ಲಿ ನಡೆದವರನ್ನು ಹೆಸರೆತ್ತಿ ನೆನೆಯುತ್ತಿದ್ದರು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೇ ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಕನ್ನಡ ಗದ್ಯಕಾರರ ಹೆಸರುಗಳು ಬರುತ್ತವೆ. ಎಷ್ಟು ಗೌರವದಿಂದ ಹೇಳಿದ ಹೆಸರುಗಳವು! ಆದರೆ ಅವರ ಕನ್ನಡ ಗದ್ಯದಲ್ಲಿ ಒಂದು ಗ್ರಂಥವಾದರೂ ಇಂದಿನವರೆಗೆ ನಮ್ಮ ಕೈಗೆ ಬಂದಿಲ್ಲ. ಸ್ಮರಣೆ ಉಳಿಯಿತು, ಸ್ಮರಿಸತಕ್ಕ ವಸ್ತು ಉಳಿಯಲಿಲ್ಲ.

ಓಲೆಗರಿಗೆ ಆಯುಷ್ಯ ಸ್ವಲ್ಪ. ಹುಳು, ತೇವ, ಬೆಂಕಿ, ಇವುಗಳಿಗಿಂತ ಹೆಚ್ಚಾಗಿ ಮನೆಯವರ ಅನಾಸ್ಥೆ, ಅದನ್ನು ತಿಂದುಹಾಕುತ್ತವೆ. ಕೆಲವು ತಲೆಮಾರುಗಳಿಗೊಮ್ಮೆ ಯಾರಾದರೂ ಕುಳಿತು ಪ್ರತಿಮಾಡದಿದ್ದರೆ ಎಂತಹ ಮಹಾಕಾವ್ಯವೂ ಹೆಸರಾಗಿ ಮಾತ್ರ ಉಳಿಯುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ ಇದನ್ನು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದಳು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಆಕೆ ಹಂಚಿದಳೆಂಬುದು ನಮ್ಮ ಸಾಹಿತ್ಯಚರಿತ್ರೆಯ ಪ್ರಸಿದ್ಧ ಸಂಗತಿ. ಕವಿಯನ್ನು ಹೊಗಳುವುದು ಬೇರೆ, ಕವಿಯ ಮಾತನ್ನು ಉಳಿಸುವುದು ಬೇರೆ ಎಂಬ ವಿವೇಕ ಆಕೆಗಿದ್ದಿತು.

ವಚನಗಳ ಕಥೆ ಇನ್ನೂ ವಿಸ್ಮಯಕರವಾದುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿದ ಈ ಮಾತುಗಳು ಕಲ್ಯಾಣದ ವಿಪ್ಲವದಲ್ಲಿ ಚದರಿಹೋದವು. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ವಿಜಯನಗರದಲ್ಲಿ, ವಿರಕ್ತರು ಅವುಗಳನ್ನು ಹುಡುಕಿ, ಕೂಡಿಸಿ, ಕ್ರಮಗೊಳಿಸಿದರು. ‘ಶೂನ್ಯಸಂಪಾದನೆ’ಯನ್ನು ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರ ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಒಬ್ಬರ ತರುವಾಯ ಒಬ್ಬರು ಮತ್ತೆ ಮತ್ತೆ ತಿದ್ದಿ ಕಟ್ಟಿದರು. ಅಲ್ಲಿಂದ ಮುಂದೆ ಮಠಗಳ ಗೂಡುಗಳಲ್ಲಿ, ಮನೆಗಳ ದೇವರ ಜಗಲಿಯ ಮೇಲೆ, ಆ ಕಟ್ಟುಗಳು ಪೂಜೆಗೊಳ್ಳುತ್ತ ಕುಳಿತವು. ವಿಭೂತಿ ಹಚ್ಚಿ, ಹೂ ಏರಿಸಿ, ಬಿಚ್ಚದೆ ಮತ್ತೆ ಒಳಗಿಡುತ್ತಿದ್ದ ಮನೆಗಳು ಕಡಮೆಯೇನಿರಲಿಲ್ಲ. ಪೂಜಿಸಿದವರ ಭಕ್ತಿಯನ್ನು ನಾವು ಹಳಿಯಲಾರೆವು. ಅವರು ಹೊಳೆಗೆ ಬಿಡದೆ ಇಟ್ಟುಕೊಂಡದ್ದರಿಂದಲೇ ಮುಂದಿನ ಕೆಲಸ ಸಾಧ್ಯವಾಯಿತು. ಆದರೆ ಕಟ್ಟನ್ನು ಬಿಚ್ಚುವವನೊಬ್ಬ ಬೇಕಾಗಿದ್ದನು.

ಹಾಗೆ ಬಿಚ್ಚಿದವರಲ್ಲಿ ಅಗ್ರಗಣ್ಯರು ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ವಿಜಾಪುರದಲ್ಲಿ ವಕೀಲರಾಗಿ ನೆಲಸಿದವರು. ಕೈತುಂಬ ಗಳಿಸಬಹುದಾದ ವೃತ್ತಿ. ವ್ಯವಹಾರವನ್ನರಿಯದ ಸಾಧುವೆಂದು ಅವರನ್ನು ಚಿತ್ರಿಸುವ ವಾಡಿಕೆಯೊಂದುಂಟು, ಅದು ಸರಿಯಲ್ಲ. 1910ರಲ್ಲಿ ವಿದ್ಯಾವರ್ಧಕ ಸಂಘವನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟಿದ ಮನುಷ್ಯನಿಗೆ ಹಣದ ಲೆಕ್ಕ ತಿಳಿಯದೆ ಇದ್ದೀತೆ? ಲೆಕ್ಕ ತಿಳಿದೂ ನಷ್ಟವನ್ನು ಆರಿಸಿಕೊಂಡರೆಂಬುದೇ ಅವರ ದೊಡ್ಡಸ್ತಿಕೆ. ಎರಡು ದಶಕಗಳ ಕಾಲ ಊರೂರು ತಿರುಗಿ ಓಲೆಗರಿಗಳನ್ನು ಬೇಡಿ ತಂದು, ತಾಳೆನೋಡಿ, ಬರೆದುಕೊಂಡು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಇದ್ದ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ಅವರ ಶೋಧಕ್ಕೆ ಮುನ್ನ ವಿದ್ವಾಂಸರಿಗೆ ತಿಳಿದಿದ್ದ ವಚನಕಾರರು ಸುಮಾರು ಐವತ್ತು ಮಂದಿ. ಅವರ ದುಡಿಮೆಯಿಂದ ಆ ಸಂಖ್ಯೆ ಇನ್ನೂರನ್ನು ದಾಟಿತು. ಅಂಬಿಗ, ಮಾದಾರ, ಕದಿರ ಕಾಯಕದ ಹೆಣ್ಣುಮಗಳು, ಹೀಗೆ ಏಳು ಶತಮಾನ ಮೌನವಾಗಿದ್ದವರು ಅಚ್ಚಿನಲ್ಲಿ ಮಾತನಾಡತೊಡಗಿದರು.

ಶ್ರದ್ಧೆ ಎಂಬ ಮಾತನ್ನು ನಾವು ಬಲು ಸುಲಭವಾಗಿ ಬಳಸುತ್ತೇವೆ. ಈ ಹಿರಿಯರ ಶ್ರದ್ಧೆ ಯಾವುದರಲ್ಲಿದ್ದಿತು? ಧರ್ಮದಲ್ಲಿ ಎನ್ನಬಹುದು, ಭಾಷೆಯಲ್ಲಿ ಎನ್ನಬಹುದು, ಎರಡೂ ನಿಜ. ಆದರೆ ಅವುಗಳಿಗಿಂತ ಕಠಿನವಾದ ಇನ್ನೊಂದು ಶ್ರದ್ಧೆಯಿತ್ತು. ಅದು ಇನ್ನೂ ಹುಟ್ಟದ ಓದುಗನಲ್ಲಿ ಇಟ್ಟ ನಂಬಿಕೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯ ಬಲವಾಗಿದ್ದ ಕಾಲ. ಕನ್ನಡ ಪುಸ್ತಕವನ್ನು ಕೊಂಡು ಓದುವವರು ಎಷ್ಟು ಮಂದಿ? ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ, ಗಳಗನಾಥರು ತಾವೇ ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರಿಂದೂರಿಗೆ ನಡೆದು ಮಾರುತ್ತಿದ್ದರು. ಓದುಗನಿಲ್ಲವೆಂದು ಬರೆಯದೆ ಕುಳಿತವರಲ್ಲ ಅವರು; ಬರೆದು, ಅಚ್ಚುಹಾಕಿಸಿ, ಓದುಗನನ್ನು ಹುಡುಕಿಕೊಂಡು ಹೊರಟವರು. ಆ ಓದುಗರು ನಾವು. ಅವರು ನಂಬಿದ್ದು ನಮ್ಮನ್ನು.

ತ್ಯಾಗದ ವಿಷಯದಲ್ಲಿಯೂ ಒಂದು ಮಾತು. ಮನೆ ಮಾರಿ ಮುದ್ರಣಾಲಯ ಕೊಂಡರೆಂದು ವೇದಿಕೆಯ ಮೇಲೆ ಹೇಳಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಮಾರಿದ್ದು ಒಬ್ಬರಾದರೂ ಮನೆ ಬಿಟ್ಟವರು ಒಬ್ಬರಲ್ಲವಷ್ಟೆ? ಬಾಡಿಗೆಯ ಮನೆಯಲ್ಲಿ ಒಲೆ ಹೂಡಿದವರು, ಅಚ್ಚಿನ ಸಾಲ ತೀರುವವರೆಗೆ ಹೊಸ ಬಟ್ಟೆಯ ಆಸೆಯನ್ನು ನುಂಗಿಕೊಂಡವರು, ಇಂತಹವರು ಪ್ರತಿಯೊಬ್ಬ ಸಾಹಸಿಯ ಹಿಂದೆಯೂ ಇರುತ್ತಾರೆ. ಗಂಡಸಿನ ಶ್ರದ್ಧೆಗೆ ಹೆಂಗಸು ಸಲ್ಲಿಸಿದ ತೆರಿಗೆಯನ್ನು ನಮ್ಮ ಜೀವನಚರಿತ್ರೆಗಳು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಪೂರ್ವಿಕರನ್ನು ಗೌರವಿಸುವುದೆಂದರೆ ಈ ಲೆಕ್ಕವನ್ನೂ ತೆಗೆದು ನೋಡಬೇಕು.

ಗೌರವಕ್ಕೂ ವಿಮರ್ಶೆಗೂ ವೈರವಿಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯುವುದು ಒಳ್ಳೆಯದು. ಹಳಕಟ್ಟಿಯವರ ಪಾಠವೇ ಕೊನೆಯ ಪಾಠವಲ್ಲ. ಅವರಿಗೆ ದೊರೆಯದ ಪ್ರತಿಗಳು ಮುಂದಿನವರಿಗೆ ದೊರೆತವು, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸಮಗ್ರ ವಚನ ಸಾಹಿತ್ಯ ಹದಿನೈದು ಸಂಪುಟಗಳಲ್ಲಿ ಬೆಳಕು ಕಂಡಿತು. ನಿಘಂಟಿನ ಕ್ಷೇತ್ರದಲ್ಲಿಯೂ ಇದೇ ಮಾತು. ಪರದೇಶದಿಂದ ಬಂದು 1894ರಲ್ಲಿ ನಮಗೊಂದು ಮಹಾಕೋಶವನ್ನು ಕೊಟ್ಟ ಕಿಟ್ಟೆಲರನ್ನು ಪೂರ್ವಿಕರಲ್ಲವೆನ್ನುವ ಕೃತಘ್ನ ಕನ್ನಡಿಗನಾರು? ರಕ್ತದ ನಂಟೊಂದೇ ನಂಟಲ್ಲ. ಅಂತಹ ಕೋಶವನ್ನೇ ಸಾಕೆನ್ನದೆ ಸಾಹಿತ್ಯ ಪರಿಷತ್ತಿನ ವಿದ್ವಾಂಸರು ಎಂಟು ಸಂಪುಟಗಳ ನಿಘಂಟನ್ನು ಕಟ್ಟಿ 1995ರಲ್ಲಿ ಮುಗಿಸಿದರು. ಹಿಂದಿನವನು ಕಡಿದ ಹಾದಿಯಲ್ಲಿ ಮುಳ್ಳು ಉಳಿದಿದ್ದರೆ ಅದನ್ನು ಕೀಳುವುದು ಅವಮಾನವಲ್ಲ. ಆ ಹಾದಿಯಲ್ಲಿ ಯಾರೂ ನಡೆಯದೆ ಹುಲ್ಲು ಬೆಳೆಯಗೊಡುವುದು ಅವಮಾನ.

ಈ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. ಹಳಕಟ್ಟಿಯವರ ಜನ್ಮದಿನವಾದ ಜುಲೈ 2ರಂದು ಕಾಲೇಜುಗಳಲ್ಲಿ ಭಾವಚಿತ್ರಕ್ಕೆ ಹಾರ ಹಾಕಿ, ನಾಲ್ಕು ಭಾಷಣ ಮಾಡಿ, ಉಪಾಹಾರದೊಡನೆ ಮುಗಿಸುತ್ತೇವೆ. ಭಾಷಣ ಮಾಡಿದ ಅಧ್ಯಾಪಕರಲ್ಲಿ ಎಷ್ಟು ಜನ ಆ ವರ್ಷ ‘ವಚನಶಾಸ್ತ್ರಸಾರ’ವನ್ನು ತೆರೆದಿದ್ದರು? ನಾಲ್ಕು ಪ್ರಸಿದ್ಧ ವಚನಗಳು ಬಾಯಿಗೆ ಬಂದರೆ ಸಾಕೆಂಬ ಸ್ಥಿತಿಗೆ ನಾವು ಇಳಿದಿಲ್ಲವೆ? ಹಳೆಯ ಪತ್ರಿಕೆಗಳ ಸಂಪುಟಗಳು ಅನೇಕ ಗ್ರಂಥಾಲಯಗಳಲ್ಲಿ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿವೆ. ಎಂ. ಎ. ಮುಗಿಸಿದ ತರುಣನ ಮುಂದೆ ಒಂದು ಓಲೆಗರಿಯನ್ನಿಟ್ಟರೆ ಅವನು ಬಡಗಿಯ ಮುಂದೆ ವೀಣೆಯಿಟ್ಟಂತೆ ನೋಡುತ್ತಾನೆ. ತಪ್ಪು ಅವನದಲ್ಲ, ಓದುವುದನ್ನು ಅವನಿಗೆ ಕಲಿಸಬೇಕಾದವರು ಕಲಿಸಿಲ್ಲ. ಕಾವ್ಯಮೀಮಾಂಸೆಯ ನಾಲ್ಕು ಪಶ್ಚಿಮದ ಪರಿಭಾಷೆಗಳಿಗೆ ಪಠ್ಯದಲ್ಲಿ ಸ್ಥಳವುಂಟು. ಹಸ್ತಪ್ರತಿಯನ್ನೋದುವ ವಿದ್ಯೆಗೆ ಸ್ಥಳ ಸಂಕೋಚ.

ಮುಂದಿನ ಜುಲೈಯಲ್ಲಿ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಹಾರದ, ಶಾಲಿನ, ಉಪಾಹಾರದ ಹಣವನ್ನು ಒಂದು ಕಡೆ ಕೂಡಿಸಿ, ತಮ್ಮ ಗ್ರಂಥಾಲಯದಲ್ಲಿ ಪುಡಿಯಾಗುತ್ತಿರುವ ಒಂದು ಹಳೆಯ ಸಂಪುಟಕ್ಕೆ ಹೊಸ ರಟ್ಟು ಹಾಕಿಸಿ, ಪುಟಪುಟವನ್ನೂ ಛಾಯಾಚಿತ್ರದಲ್ಲಿ ಇಳಿಸಿ, ಆ ದಿನ ಭಾಷಣದ ಬದಲು ಹೆಸರೇ ಕೇಳರಿಯದ ಒಬ್ಬ ವಚನಕಾರನನ್ನೋ ವಚನಕಾರ್ತಿಯನ್ನೋ ಆರಿಸಿ, ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದೇ ಮೇಜಿನ ಸುತ್ತ ಕುಳಿತು ಓದಲಿ. ಎರಡು ಗಂಟೆ ಸಾಕು.