ಬುತ್ತಿ ಕಟ್ಟಿದ ತಂತ್ರಾಂಶ

ಬನ್ನೇರುಘಟ್ಟ ರಸ್ತೆಯ ಅರೆಕೆರೆಯಲ್ಲಿ ‘ಕಂಟೇನರ್’ ಎಂದೊಡನೆ ಹಿರಿಯರ ಕಣ್ಣೆದುರು ನಿಲ್ಲುವುದು ವೈಟ್‌ಫೀಲ್ಡಿನ ಡಿಪೊಗೆ ಸಾಗುವ ಉಕ್ಕಿನ ಪೆಟ್ಟಿಗೆ. ಅದೇ ಮನೆಯ ಮಗಳೋ ಸೊಸೆಯೋ ಊಟದ ಹೊತ್ತಿನಲ್ಲಿ ಪ್ರಸ್ತಾಪಿಸುವ ಕಂಟೇನರಿಗೆ ತೂಕವೇ ಇಲ್ಲ. ತಂತ್ರಾಂಶವೊಂದು ನಡೆಯಲು ಬೇಕಾದ ಕಡತಗಳನ್ನೂ ಸಲಕರಣೆಗಳನ್ನೂ ಒಟ್ಟಾಗಿ ಕಟ್ಟಿಟ್ಟ ಗಂಟಿಗೆ ‘ಇಮೇಜ್’ ಎಂದು ಹೆಸರು. ಗಂಟು ಬಿಚ್ಚಿ ನಡೆಸಿದಾಗ ಅದೇ ಕಂಟೇನರ್. ಹೋದ ಊರಿನಲ್ಲಿ ಉಪ್ಪು ಸಿಕ್ಕೀತೋ ಇಲ್ಲವೋ ಎಂಬ ಚಿಂತೆ ಬುತ್ತಿ ಕಟ್ಟಿಕೊಂಡವನಿಗೆ ಇರುವುದಿಲ್ಲವಷ್ಟೆ! 2013ರಲ್ಲಿ ಸಾಲೊಮನ್ ಹೈಕ್ಸ್ ಎಂಬವರು ‘ಡಾಕರ್’ ಸಾಧನವನ್ನು ಲೋಕಕ್ಕೆ ಪರಿಚಯಿಸಿದ ಮೇಲೆ ಈ ಪದ್ಧತಿ ಎಲ್ಲೆಡೆ ಹಬ್ಬಿತು.

ಇಂತಹ ಗಂಟುಗಳನ್ನು ಇರಿಸಲು 2014ರಲ್ಲಿ ‘ಡಾಕರ್ ಹಬ್’ ಎಂಬ ಸಾರ್ವಜನಿಕ ಉಗ್ರಾಣ ತೆರೆಯಿತು. 2020ರ ನವೆಂಬರಿನಲ್ಲಿ ಅದರ ಒಡೆಯರು ಒಂದು ಕಟ್ಟಳೆ ವಿಧಿಸಿದರು: ಹೆಸರು ನೋಂದಾಯಿಸದೆ ಬಂದವರಿಗೆ ಆರು ಗಂಟೆಗಳಲ್ಲಿ 100 ಸಲ ಮಾತ್ರ ಪ್ರವೇಶ. ಎಣಿಕೆ ಆಳಿನ ಲೆಕ್ಕದಲ್ಲಲ್ಲ, ಅಂತರಜಾಲದ ವಿಳಾಸದ ಲೆಕ್ಕದಲ್ಲಿ. ಕಚೇರಿಯೊಂದರ ಗಣಕಯಂತ್ರಗಳೆಲ್ಲ ಒಂದೇ ವಿಳಾಸದಿಂದ ಹೊರಟರೆ, ಮೊದಲು ಬಂದ ನಾಲ್ವರ ಆತುರದಿಂದ ಐದನೆಯವನಿಗೆ ಬಾಗಿಲು ಮುಚ್ಚುತ್ತದೆ. ಅದೂ ಅಲ್ಲದೆ, ಆಸ್ಪತ್ರೆಗೋ ಬ್ಯಾಂಕಿಗೋ ಸಿದ್ಧಪಡಿಸಿದ ತಂತ್ರಾಂಶವನ್ನು ನಾಲ್ಕು ಜನರ ಉಗ್ರಾಣದಲ್ಲಿ ಇಡುವವರು ಯಾರು?

ಉಗ್ರಾಣದ ಹಂಗಿಲ್ಲದ ದಾರಿಯೂ ಇದೆ. ‘ಡಾಕರ್ ಸೇವ್’ ಎಂಬ ಆಜ್ಞೆ ಇಡೀ ಇಮೇಜನ್ನು ಒಂದೇ ಕಡತವಾಗಿ ಬರೆದುಕೊಡುತ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಅತ್ತ ಕಡೆ ‘ಡಾಕರ್ ಲೋಡ್’ ಎಂದರೆ ಮುಗಿಯಿತು. ‘ಎಕ್ಸ್‌ಪೋರ್ಟ್’ ಎಂಬ ಇನ್ನೊಂದು ಆಜ್ಞೆಯಿದೆ. ಅದು ಕಡತಗಳನ್ನು ಮಾತ್ರ ಹೊರತೆಗೆದು, ತಂತ್ರಾಂಶವನ್ನು ಹೇಗೆ ಆರಂಭಿಸಬೇಕೆಂಬ ಸೂಚನೆಯನ್ನು ಕೈಬಿಡುತ್ತದೆ. ಹಳೆಯ ಫ್ಯಾಟ್‌32 ಮಾದರಿಯ ಪೆನ್‌ಡ್ರೈವು 4 ಜಿಬಿ ಮೀರಿದ ಒಂಟಿ ಕಡತವನ್ನು ಒಲ್ಲೆನ್ನುತ್ತದೆ ಎಂಬುದು ಹಲವರಿಗೆ ತಿಳಿಯುವುದು ಅರ್ಧರಾತ್ರಿಯಲ್ಲಿ.

ಇಮೇಜು ಅಂತಸ್ತಿನ ಟಿಫಿನ್ ಕ್ಯಾರಿಯರಿನಂತೆ ಪದರ ಪದರವಾಗಿರುತ್ತದೆ. ಪಲ್ಯವೊಂದೇ ಬದಲಾದರೂ ‘ಸೇವ್’ ಪ್ರತಿ ಸಲ ಎಲ್ಲ ಡಬ್ಬಿಗಳನ್ನೂ ಹೊರುತ್ತದೆ. ದಿನವೂ ಹಂಚಬೇಕಾದವರು ತಮ್ಮದೇ ಒಂದು ಗಣಕಯಂತ್ರದಲ್ಲಿ ‘ರಿಜಿಸ್ಟ್ರಿ’ ಎಂಬ ಕಿರು ಉಗ್ರಾಣವನ್ನು ನಡೆಸುವುದು ಮೇಲು. ಅದು ಬದಲಾದ ಡಬ್ಬಿಯನ್ನಷ್ಟೇ ಕಳಿಸುತ್ತದೆ.

ಇನ್ನು ಅಪಾಯದ ಮಾತು. ಒಂದು ಪದರದಲ್ಲಿ ದತ್ತಾಂಶ ಕೋಶದ ಗುಪ್ತಪದವನ್ನು ಇರಿಸಿ, ಮುಂದಿನ ಪದರದಲ್ಲಿ ಅಳಿಸಿದರೆ ಅದು ಅಳಿಯಿತೆಂದು ನಂಬುವವರು ಬಹಳ. ಮೇಲಿನ ಡಬ್ಬಿ ಕೆಳಗಿನದನ್ನು ಮರೆಮಾಡುತ್ತದೆಯೇ ಹೊರತು ಖಾಲಿ ಮಾಡುವುದಿಲ್ಲ. ಕಡತ ಕೈಗೆ ಸಿಕ್ಕವನು ಪದರಗಳನ್ನು ಬಿಡಿಸಿ ಗುಪ್ತಪದವನ್ನು ಓದಬಲ್ಲ. ಹಾಗಾದಾಗ ಇಮೇಜನ್ನು ಹೊಸದಾಗಿ ಕಟ್ಟುವುದರ ಜೊತೆಗೆ ಗುಪ್ತಪದವನ್ನೂ ಬದಲಿಸದೆ ವಿಧಿಯಿಲ್ಲ.

ಪಡೆಯುವವನಿಗೂ ಒಂದು ಕೆಲಸವುಂಟು. ‘ಷಾ-256’ ಎಂಬ ಗಣಿತಕ್ರಮವು ಯಾವ ಕಡತಕ್ಕಾದರೂ 64 ಅಕ್ಷರಗಳ ಗುರುತೊಂದನ್ನು ಕೊಡುತ್ತದೆ. ಕಡತದ ಒಂದಕ್ಷರ ಬದಲಾದರೂ ಗುರುತು ಬೇರೆಯಾಗುತ್ತದೆ. ಆದರೆ ಗುರುತಿನ ಚೀಟಿಯನ್ನು ಅದೇ ಪೆನ್‌ಡ್ರೈವಿನಲ್ಲಿ ಇಟ್ಟರೆ ಗಂಟು ಬದಲಿಸಿದವನೇ ಚೀಟಿಯನ್ನೂ ಬದಲಿಸಿಯಾನು. ಅದನ್ನು ದೂರವಾಣಿಯಲ್ಲಿ ಓದಿ ಹೇಳುವುದೇ ಲೇಸು, 64 ಅಕ್ಷರಗಳಿಗೆ ತಾಳ್ಮೆ ಬೇಕಾದರೂ.